ಸೀಟಿ ಊದುವವನಿಗೆ ದಿಕ್ಕು ಯಾರು?

ರಾಗಿ ಕಣ ಮುಗಿಯುತ್ತಿದ್ದ ಹಾಗೇ ಕಡೂರು ಸೀಮೆಯಲ್ಲಿ ಇನ್ನೊಂದು ಸುಗ್ಗಿ ಶುರುವಾಗುತ್ತದೆ. ಅದು ಪಂದ್ಯಾವಳಿಗಳ ಸುಗ್ಗಿ. ಸಿಂಗಟಗೆರೆ, ಪಂಚನಹಳ್ಳಿ, ಯಗಟಿ, ಬೀರೂರು, ಸಖರಾಯಪಟ್ಟಣ, ಯಾವ ಸ್ಟಾಪಿನಲ್ಲಿ ಬಸ್ ನಿಂತರೂ ಕಂಬಕ್ಕೊಂದು ಬ್ಯಾನರು. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಮೊದಲನೇ ಬಹುಮಾನ ಇಷ್ಟು, ಎರಡನೆಯದು ಇಷ್ಟು, ಜೊತೆಗೆ ಆಕರ್ಷಕ ಟ್ರೋಫಿ. 2014ರಲ್ಲಿ ಪ್ರೊ ಕಬಡ್ಡಿ ಟೀವಿಯಲ್ಲಿ ಬಂದ ಮೇಲಂತೂ ಮಣ್ಣಿನ ಅಂಕಣದ ಜಾಗಕ್ಕೆ ಮ್ಯಾಟ್ ಬಂತು, ಗ್ಯಾಸ್‌ಲೈಟು ಕಂಡಿದ್ದ ಊರಿಗೆ ಫ್ಲಡ್‌ಲೈಟು ಬಂತು.

ಬರಲಿ, ಸಂತೋಷ. ಹುಡುಗರು ಇಸ್ಪೀಟು ಬಿಟ್ಟು ಅಂಕಣಕ್ಕೆ ಇಳಿದರೆ ಯಾರಿಗೆ ಬೇಡ?

ಇದರ ಖರ್ಚು ಎಲ್ಲಿಂದ ಬರುತ್ತದೆ ಎಂಬುದು ಅಂಗಡಿ ಬೀದಿಗೆ ಚೆನ್ನಾಗಿ ಗೊತ್ತು. ರಸೀತಿ ಪುಸ್ತಕ ಹಿಡಿದ ಹುಡುಗರ ಗುಂಪು ದಿನಸಿ ಅಂಗಡಿ, ಗೊಬ್ಬರದ ಅಂಗಡಿ, ಕೊಬ್ಬರಿ ವ್ಯಾಪಾರದವರು, ಹೋಟೆಲು ಯಾವುದನ್ನೂ ಬಿಡುವುದಿಲ್ಲ. ಗೊಣಗಿಕೊಂಡೋ ನಗುತ್ತಲೋ ಎಲ್ಲರೂ ಬರೆಸುತ್ತಾರೆ. ಆ ದುಡ್ಡು ಶಾಮಿಯಾನಕ್ಕೆ, ಮೈಕ್ ಸೆಟ್ಟಿಗೆ, ಜನರೇಟರಿಗೆ, ಮ್ಯಾಟ್ ಬಾಡಿಗೆಗೆ, ಕಪ್ಪಿಗೆ, ಊಟಕ್ಕೆ ಹೋಗುತ್ತದೆ. ಉದ್ಘಾಟನೆಗೆ ಬರುವ ಮಹನೀಯರ ಹಾರ, ಶಾಲು, ಪೇಟಕ್ಕೂ ಒಂದು ಪಾಲು.

ಆದರೆ ಅಂಕಣದ ನಡುವೆ ಸೀಟಿ ಹಿಡಿದು ನಿಲ್ಲುವವನ ಲೆಕ್ಕ ಏನು? ಒಂದು ದಿನದ ಸಂಭಾವನೆ, ಒಂದು ಊಟ, ಬಹುಮಾನ ವಿತರಣೆ ಹೊತ್ತಿಗೆ ನೆನಪಾದರೆ ಒಂದು ಶಾಲು. ಅವನ ಕೈಕಾಲು ಮುರಿದರೆ ಆಸ್ಪತ್ರೆ ಬಿಲ್ಲು ಯಾರು ಕೊಡುತ್ತಾರೆ? ಆಟಗಾರನೊಬ್ಬ ಬಿದ್ದು ಪ್ರಾಣಕ್ಕೆ ಬಂದರೆ, 'ರೆಫ್ರಿ ಏನ್ ಮಾಡ್ತಿದ್ದ?' ಎಂದು ಊರು ತಿರುಗಿಬಿದ್ದರೆ, ಅವನ ಪರ ವಕೀಲರನ್ನು ಇಡುವವರು ಯಾರು? ಕಮಿಟಿ ಸಭೆಯಲ್ಲಿ ಕಪ್ಪಿನ ಎತ್ತರ ಎಷ್ಟಡಿ ಇರಬೇಕೆಂದು ಒಂದು ಗಂಟೆ ಚರ್ಚೆ ನಡೆಯುತ್ತದೆ. ಈ ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ.

ಏನಾಗ್ತದೆ ಬಿಡಿ ಸಾರ್?

ಕೇಳಿದರೆ ಸಿಗುವ ಉತ್ತರ ಒಂದೇ: 'ಇಷ್ಟ್ ವರ್ಷದಿಂದ ಆಡಿಸ್ತಾ ಇದೀವಿ, ಏನಾಗಿದೆ? ಏನಾಗ್ತದೆ ಬಿಡಿ ಸಾರ್.'

ಆಗುತ್ತದೆ. 2009ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಸ್ವಾನ್ಸಿಯಲ್ಲಿ ಫೀಲ್ಡರ್ ಎಸೆದ ಚೆಂಡು ತಲೆಗೆ ಬಡಿದು ಕ್ರಿಕೆಟ್ ಅಂಪೈರ್ ಆಲ್ಕ್‌ವಿನ್ ಜೆಂಕಿನ್ಸ್ ತೀರಿಕೊಂಡರು. 2014ರ ನವೆಂಬರ್‌ನಲ್ಲಿ ಇಸ್ರೇಲಿನ ಅಶ್ದೋದ್‌ನಲ್ಲಿ ಹಿಲ್ಲೆಲ್ ಆಸ್ಕರ್ ಎಂಬ ಅಂಪೈರ್ ಚೆಂಡು ಬಡಿದು ಸತ್ತರು. 2019ರಲ್ಲಿ ವೇಲ್ಸ್‌ನಲ್ಲೇ ಇನ್ನೊಬ್ಬ ಅಂಪೈರ್, ಜಾನ್ ವಿಲಿಯಮ್ಸ್, ಚೆಂಡಿನ ಏಟಿಗೆ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಪ್ರಾಣ ಬಿಟ್ಟರು. ಅವರೇನೂ ದೊಡ್ಡ ಸ್ಟೇಡಿಯಮ್ಮಿನ ಅಂಪೈರ್‌ಗಳಲ್ಲ. ನಮ್ಮ ಊರಿನ ಮೇಷ್ಟ್ರ ಹಾಗೆ ವಾರದ ಕೊನೆಯಲ್ಲಿ ಸ್ಥಳೀಯ ಪಂದ್ಯ ಆಡಿಸುತ್ತಿದ್ದವರು.

ಅದೆಲ್ಲ ಪರದೇಶದ ಮಾತು ಎನ್ನುವವರು ಒಡಿಶಾ ನೋಡಲಿ. 2023ರ ಏಪ್ರಿಲ್ 2ರಂದು ಕಟಕ್ ಜಿಲ್ಲೆಯ ಹಳ್ಳಿಯೊಂದರ ಕ್ರಿಕೆಟ್ ಪಂದ್ಯದಲ್ಲಿ ನೋಬಾಲ್ ತೀರ್ಪಿನ ಜಗಳ ಹತ್ತಿ ಅಂಪೈರ್ ಆಗಿದ್ದ ಹುಡುಗನನ್ನು ಚಾಕುವಿನಿಂದ ಇರಿದು ಕೊಂದರು. ಒಂದು ನೋಬಾಲಿಗೆ ಒಂದು ಪ್ರಾಣ!

ಹಳ್ಳಿ ಪಂದ್ಯಾವಳಿಗಳಲ್ಲಿ ಚೆಂಡು, ಚಾಕುವಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದು ವಾಪಸ್ ಬರುವ ದಾರಿ. ಫೈನಲ್ ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ಆ ಹೊತ್ತಿನಲ್ಲಿ ಸಿಂಗಟಗೆರೆಯಿಂದ ಕಡೂರಿಗೆ ಬಸ್ಸೆಲ್ಲಿದೆ? ನಿದ್ದೆಗಣ್ಣಿನಲ್ಲಿ ಬೈಕ್ ಹತ್ತಬೇಕು. ರಸ್ತೆ ಗುಂಡಿ, ದೀಪವಿಲ್ಲದ ಟ್ರ್ಯಾಕ್ಟರು, ಅಡ್ಡ ಬರುವ ನಾಯಿ. ಸೀಟಿ ಜೇಬಿನಲ್ಲಿಟ್ಟ ಮೇಲೂ ರೆಫ್ರಿಯ ಅಪಾಯ ಮುಗಿಯುವುದಿಲ್ಲ.

ಎರಡು ಅಪಾಯ, ಎರಡು ವಿಮೆ

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಒಂದು, ತೀರ್ಪುಗಾರನ ಮೈಗೆ ಏಟಾಗುವುದು. ಇದಕ್ಕೆ ಆರೋಗ್ಯ ವಿಮೆ, ಅಪಘಾತ ವಿಮೆ. ಇನ್ನೊಂದು, ಬೇರೆಯವರಿಗೆ ಏಟಾಗಿ ಅದರ ಹೊಣೆ ತೀರ್ಪುಗಾರನ ತಲೆಗೆ ಬರುವುದು. ಇದಕ್ಕೆ ಹೊಣೆಗಾರಿಕೆ ವಿಮೆ. 'ಇನ್ಶೂರೆನ್ಸ್ ಇದೆ ಬಿಡ್ರಿ' ಎಂದು ಎದೆ ತಟ್ಟಿಕೊಳ್ಳುವ ಬಹಳ ಜನರ ಹತ್ತಿರ ಇರುವುದು ಎಲ್‌ಐಸಿ ಪಾಲಿಸಿ, ಇಲ್ಲವೇ ಬೈಕಿನ ಪಾಲಿಸಿ. ಅವು ಈ ಎರಡರಲ್ಲಿ ಯಾವ ಕೆಲಸವನ್ನೂ ಪೂರ್ತಿ ಮಾಡುವುದಿಲ್ಲ.

ಮೊದಲು ಮೈಯ ಮಾತು. ಎಲ್ಲಕ್ಕಿಂತ ಅಗ್ಗದ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಶುರುವಾಯಿತು, 2022ರ ಜೂನ್‌ನಿಂದ 20 ರೂಪಾಯಿ. 18ರಿಂದ 70 ವರ್ಷದವರಿಗೆ. ಬ್ಯಾಂಕು ಅಥವಾ ಪೋಸ್ಟಾಫೀಸು ಖಾತೆಯಿಂದ ತಾನೇ ಕಟಾವಾಗುತ್ತದೆ, ಜೂನ್ 1ರಿಂದ ಮೇ 31ರವರೆಗೆ ನಡೆಯುತ್ತದೆ. ಅಪಘಾತದಲ್ಲಿ ಸತ್ತರೆ, ಅಥವಾ ಎರಡೂ ಕಣ್ಣು, ಎರಡೂ ಕೈ, ಎರಡೂ ಕಾಲಿನಂಥ ಪೂರ್ತಿ ಊನವಾದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಕೊಲೆಯಾದರೂ ಹಣ ಬರುತ್ತದೆ, ಆತ್ಮಹತ್ಯೆಗೆ ಇಲ್ಲ. ಕಟಕ್‌ನ ಸಂಗತಿ ಓದಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಕಬಡ್ಡಿಗೆ ಒಬ್ಬ ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಒಟ್ಟು 6 ಜನ. 6 ಜನಕ್ಕೆ ವರ್ಷಕ್ಕೆ 120 ರೂಪಾಯಿ. ವೇದಿಕೆ ಮೇಲೆ ಹಾಕುವ ಒಂದು ಹಾರದ ದುಡ್ಡು.

ಆದರೆ ಇದರ ಮಿತಿಯನ್ನೂ ತಿಳಿದಿರಬೇಕು. ಆಸ್ಪತ್ರೆ ಖರ್ಚಿಗೆ ಈ ಯೋಜನೆ ಒಂದು ಪೈಸೆ ಕೊಡುವುದಿಲ್ಲ. ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿ ಮಲಗಿ ಆಮೇಲೆ ಕೂಡಿಕೊಂಡರೆ ಸೊನ್ನೆ. ರೆಫ್ರಿಗಳಿಗೆ ಹೆಚ್ಚಾಗಿ ಆಗುವುದೇ ಇಂಥ ಪೆಟ್ಟು.

ಅದಕ್ಕೆ ಮುಂದಿನ ಮೆಟ್ಟಿಲು ಸರಳ ಸುರಕ್ಷಾ ಬಿಮಾ. ವಿಮಾ ನಿಯಂತ್ರಣ ಪ್ರಾಧಿಕಾರದ ಆಜ್ಞೆಯಂತೆ 2021ರ ಏಪ್ರಿಲ್‌ನಿಂದ ಬಂದ ಅಪಘಾತ ಪಾಲಿಸಿ ಇದು. ಕಂಪನಿ ಯಾವುದಾದರೂ ಷರತ್ತು ಒಂದೇ. ಎರಡೂವರೆ ಲಕ್ಷದಿಂದ 1 ಕೋಟಿಯವರೆಗೆ ತೆಗೆದುಕೊಳ್ಳಬಹುದು. ಇದರಲ್ಲಿ ಬೇಕಾದರೆ ಸೇರಿಸಿಕೊಳ್ಳುವ ಎರಡು ಅಂಶಗಳು ತೀರ್ಪುಗಾರರಿಗೆ ಹೇಳಿ ಮಾಡಿಸಿದ ಹಾಗಿವೆ. ಕೆಲಸಕ್ಕೆ ಹೋಗಲಾಗದೆ ಮಲಗಿದರೆ ವಾರಕ್ಕೆ ವಿಮೆ ಮೊತ್ತದ ಶೇ. 0.2, ಅಂದರೆ 5 ಲಕ್ಷದ ಪಾಲಿಸಿಗೆ ವಾರಕ್ಕೆ 1,000 ರೂಪಾಯಿ. ಅಪಘಾತವಾಗಿ ಆಸ್ಪತ್ರೆ ಸೇರಿದರೆ ಶೇ. 10ರವರೆಗೆ, ಅಂದರೆ 50,000. ಇವೆರಡನ್ನೂ ಏಜೆಂಟರು ತಾವಾಗಿ ಹೇಳದಿದ್ದರೆ ಕೇಳಿ ಹಾಕಿಸಿಕೊಳ್ಳಬೇಕು.

ಬೈಕಿನ ವಿಷಯವೂ ಇಲ್ಲೇ ಬರುತ್ತದೆ. ಗಾಡಿ ಮಾಲೀಕನೇ ಓಡಿಸುತ್ತಿದ್ದು ಸತ್ತರೆ 15 ಲಕ್ಷ ಕೊಡುವ ಅಪಘಾತ ವಿಮೆ 2018ರಿಂದ ಇದೆ. ಆದರೆ ಆರ್‌ಸಿ ಅವನ ಹೆಸರಿನಲ್ಲಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಭಾವಮೈದನ ಬೈಕಿನಲ್ಲಿ ಹೋದವನಿಗೆ ಇದು ದಕ್ಕುವುದಿಲ್ಲ.

ಸರ್ಕಾರಿ ಕಾರ್ಡು ಸಾಲದೆ?

'ಬಿಪಿಎಲ್ ಕಾರ್ಡ್ ಇದೆಯಲ್ಲ, ಆಯುಷ್ಮಾನ್ ಇದೆಯಲ್ಲ' ಎನ್ನುವುದು ಮುಂದಿನ ಮಾತು. ಇದೆ, ನಿಜ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರಿ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ತರಬೇಕು. ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತುಹೋಗಿ 2022ರಲ್ಲಿ ಮತ್ತೆ ಬಂದದ್ದು. ಅದು ಪಟ್ಟಿಯಲ್ಲಿರುವ ಚಿಕಿತ್ಸೆಗಷ್ಟೇ. ಬಡವನಾದ ತೀರ್ಪುಗಾರನಿಗೆ ಈ ಕಾರ್ಡುಗಳು ದೊಡ್ಡ ಆಸರೆ, ಹೀಗಳೆಯುವಂತಿಲ್ಲ.

ಆದರೆ ಸೀಟಿ ಊದುವವರಲ್ಲಿ ಬಹಳ ಮಂದಿ ದೈಹಿಕ ಶಿಕ್ಷಕರು, ಖಾಸಗಿ ಶಾಲೆಯ ಮೇಷ್ಟ್ರುಗಳು, ಸಣ್ಣ ನೌಕರರು. ಅವರ ಕೈಯಲ್ಲಿ ಬಿಪಿಎಲ್ ಕಾರ್ಡ್ ಇರುವುದಿಲ್ಲ. ಇಲಾಖೆ ಆದೇಶದ ಮೇಲೆ ತಾಲ್ಲೂಕು ಕ್ರೀಡಾಕೂಟಕ್ಕೆ ಹೋದರೆ ಅದು ಡ್ಯೂಟಿ. ಭಾನುವಾರ ರಾತ್ರಿ ಯುವಕ ಸಂಘದವರು ಕರೆದರೆಂದು ದುಡ್ಡು ಪಡೆದು ಹೋದರೆ ಅದು ಡ್ಯೂಟಿಯಲ್ಲ. ಈ ವ್ಯತ್ಯಾಸ ಕಾಲು ಮುರಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ಅಂಥವರು ಸ್ವಂತ ಆರೋಗ್ಯ ವಿಮೆ ಮಾಡಿಸಬೇಕು. ಒಂದು ಒಳ್ಳೆಯ ಸುದ್ದಿ: ಸ್ವಂತಕ್ಕೆ ಅಥವಾ ಕುಟುಂಬಕ್ಕೆ ಮಾಡಿಸುವ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಹೋಗಿದೆ. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಎಂಬ ಪಾಲಿಸಿ ಎಲ್ಲ ಕಂಪನಿಗಳಲ್ಲೂ ಒಂದೇ ಅಚ್ಚಿನದು. ಅದರಲ್ಲಿ ಬಿಲ್ಲಿನ ಶೇ. 5 ಕೈಯಿಂದ ಕೊಡಬೇಕು. ಲಕ್ಷಕ್ಕೆ 5,000.

ಸಹಿ ಹಾಕುವ ಮುನ್ನ ನೋಡಬೇಕಾದ್ದು ನಾಲ್ಕು. ಒಂದು, ಸಾಮಾನ್ಯವಾಗಿ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಮಾತ್ರ ಹಣ. ಬೆರಳು ಮುರಿದು ಎಕ್ಸ್‌ರೇ ತೆಗೆಸಿ ಪಟ್ಟು ಹಾಕಿಸಿಕೊಂಡು ಅಂದೇ ಮನೆಗೆ ಬಂದರೆ ಬಿಲ್ಲು ಜೇಬಿನಿಂದಲೇ. ಎರಡು, ಹೊಸ ಪಾಲಿಸಿಗೆ ಮೊದಲ 30 ದಿನ ಕಾಯಿಲೆಗೆ ಹಣವಿಲ್ಲ, ಆದರೆ ಅಪಘಾತಕ್ಕೆ ಮೊದಲ ದಿನದಿಂದಲೇ ಉಂಟು. ಮೂರು, ಹಳೆಯ ಪೆಟ್ಟು. ಇವತ್ತಿನ ರೆಫ್ರಿಗಳೆಲ್ಲ ನಿನ್ನೆಯ ಆಟಗಾರರು. ಮಂಡಿ, ಭುಜ ಯಾವುದಾದರೊಂದು ಸವೆದೇ ಇರುತ್ತದೆ. ಅದನ್ನು ಅರ್ಜಿಯಲ್ಲಿ ಬರೆದರೆ ಹೆಚ್ಚೆಂದರೆ ಮೂರು ವರ್ಷ ಕಾದು ಆಮೇಲೆ ಹಣ ಸಿಗುತ್ತದೆ. ಮುಚ್ಚಿಟ್ಟರೆ ಕ್ಲೇಮೇ ಬೀಳಬಹುದು. 'ಅದೆಲ್ಲ ಬರೀಬೇಡಿ ಸಾರ್' ಎನ್ನುವ ಏಜೆಂಟ್ ಕ್ಲೇಮಿನ ದಿನ ಫೋನ್ ಎತ್ತುವುದಿಲ್ಲ. ನಾಲ್ಕು, ಉದ್ಯೋಗದ ಕಾಲಂ. ಅಲ್ಲಿ ಬರೀ 'ಶಿಕ್ಷಕ' ಎಂದು ಬರೆಯದೆ 'ಹಣ ಪಡೆದು ಪಂದ್ಯದ ತೀರ್ಪುಗಾರಿಕೆಯೂ ಉಂಟು' ಎಂದು ಸೇರಿಸಬೇಕು. ಆರೋಗ್ಯ ಪಾಲಿಸಿಗಳಲ್ಲಿ ಬೆಟ್ಟ ಹತ್ತುವುದು, ಕಾರ್ ರೇಸು, ಕುದುರೆ ರೇಸಿನಂಥ ಅಪಾಯದ ಆಟಗಳನ್ನು ವೃತ್ತಿಯಾಗಿ ಆಡುವವರಿಗೆ ಹಣವಿಲ್ಲ ಎಂಬ ಷರತ್ತು ಇರುತ್ತದೆ. ಕಬಡ್ಡಿ ರೆಫ್ರಿ ಆ ಪಟ್ಟಿಯಲ್ಲಿಲ್ಲ. ಆದರೂ ಮೊದಲೇ ಬರೆದಿದ್ದರೆ ಆಮೇಲೆ ತಕರಾರಿಗೆ ಜಾಗ ಕಮ್ಮಿ.

ಕಂಪನಿ ಅನ್ಯಾಯ ಮಾಡಿದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಮೊದಲು ಕಂಪನಿಗೆ ಬರೆದು ತಿಂಗಳು ಕಾದು, ಆಮೇಲೆ ಅಲ್ಲಿಗೆ ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಡ.

ತಪ್ಪು ತೀರ್ಪು ಬೇರೆ, ಬೇಜವಾಬ್ದಾರಿ ಬೇರೆ

ಇನ್ನು ಎರಡನೇ ಅಪಾಯ. ತೀರ್ಪುಗಾರನ ಮೇಲೆ ಕೇಸು ಹಾಕಬಹುದೇ? ಇದನ್ನು ಇಂಗ್ಲೆಂಡಿನ ಕೋರ್ಟು 1996ರಲ್ಲೇ ತೀರ್ಮಾನಿಸಿದೆ. ಅಲ್ಲಿನ ರಗ್ಬಿ ಆಟದಲ್ಲಿ ಎರಡೂ ಕಡೆಯವರು ತಲೆ ತಗ್ಗಿಸಿ ಹೆಗಲು ಕೊಟ್ಟು ನೂಕುವ ಒಂದು ಘಟ್ಟ ಇದೆ. 1991ರ ಒಂದು ಪಂದ್ಯದಲ್ಲಿ ಈ ನೂಕಾಟ 20ಕ್ಕೂ ಹೆಚ್ಚು ಸಲ ಕುಸಿಯಿತು. ರೆಫ್ರಿ ಹತೋಟಿಗೆ ತರಲಿಲ್ಲ. 17 ವರ್ಷದ ಹುಡುಗನ ಕತ್ತು ಮುರಿದು ಜೀವನ ಪೂರ್ತಿ ಮೇಲೇಳದ ಹಾಗಾಯಿತು. ಕೋರ್ಟು ರೆಫ್ರಿಯನ್ನೇ ಹೊಣೆ ಮಾಡಿತು. 2003ರಲ್ಲಿ ವೇಲ್ಸ್‌ನ ಇನ್ನೊಂದು ಪ್ರಕರಣದಲ್ಲಿ, ರೆಫ್ರಿ ಹವ್ಯಾಸಿಯೇ ಆಗಿದ್ದರೂ ಹೊಣೆ ತಪ್ಪದು ಎಂದಿತು. ಹಣ ಪಡೆಯದವನಿಗೇ ಈ ಮಾತಾದರೆ, ಪಡೆದವನ ಗತಿಯೇನು?

ಅಲ್ಲಿನ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅದರಲ್ಲಿರುವ ವಿವೇಕ ಎಲ್ಲ ಕಡೆ ಸಲ್ಲುವಂಥದು. ವೇಗದ ಆಟದಲ್ಲಿ ಕಣ್ತಪ್ಪಿ ಕೊಟ್ಟ ತಪ್ಪು ತೀರ್ಪಿಗೆ ರೆಫ್ರಿ ಹೊಣೆಯಲ್ಲ ಎಂದು ಅದೇ ಕೋರ್ಟು ಹೇಳಿದೆ. ರೈಡರ್ ಗೆರೆ ಮುಟ್ಟಿದನೋ ಇಲ್ಲವೋ ಎಂಬ ಜಗಳಕ್ಕೆ ಯಾರೂ ಪರಿಹಾರ ಕೊಡಬೇಕಿಲ್ಲ. ಕಣ್ಣೆದುರಿಗೆ ಅಪಾಯ ಕಾಣುತ್ತಿದ್ದರೂ ಆಟ ನಿಲ್ಲಿಸದೆ ಇರುವುದೇ ತಪ್ಪು. ಮ್ಯಾಟ್ ಹರಿದಿದೆ, ಅಂಕಣದ ಪಕ್ಕದಲ್ಲೇ ಲೈಟಿನ ಕಂಬ, ಕೆಳಗೆ ಕರೆಂಟಿನ ವೈರು, ತಲೆಗೆ ಏಟಾದವನು ತೂರಾಡುತ್ತಾ ಮತ್ತೆ ರೈಡಿಗೆ ಬರುತ್ತಿದ್ದಾನೆ. ಆಗಲೂ 'ನಡೀಲಿ ನಡೀಲಿ' ಎಂದರೆ ಅದು ಬೇಜವಾಬ್ದಾರಿ.

ನಮ್ಮಲ್ಲಿ ಇಂಥ ವಿಷಯ ಪರಿಹಾರದ ದಾವೆಗಿಂತ ಮೊದಲು ಪೊಲೀಸ್ ಠಾಣೆ ಮುಟ್ಟುತ್ತದೆ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದ ಮೈಸೂರಿನ ಯುವಕ ಆಸ್ಪತ್ರೆಯಲ್ಲಿ ಸತ್ತಾಗ ಆಯೋಜಕರ ಮೇಲೆ ನಿರ್ಲಕ್ಷ್ಯದ ಸಾವಿನ ಕೇಸು ದಾಖಲಾಯಿತು. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಉದ್ಘಾಟನೆಯ ದಿನವೇ ಗ್ಯಾಲರಿ ಕುಸಿದು 100ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹೊಸ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವು ತಂದರೆ 5 ವರ್ಷದವರೆಗೆ ಸಜೆ. ಅಪಾಯ ತಿಳಿದು ಒಪ್ಪಿ ಆಟಕ್ಕಿಳಿದವನಿಗೆ ಸಾಮಾನ್ಯ ಏಟಾದರೆ ಅಪರಾಧವಲ್ಲ ಎಂಬ ಕಲಮೂ ಉಂಟು, 25ನೆಯದು. ಆದರೆ ಅದು 18 ವರ್ಷ ದಾಟಿದವರ ಒಪ್ಪಿಗೆಯ ಮಾತು. ವಯಸ್ಸು ನೋಡದೆ ಹೈಸ್ಕೂಲ್ ಹುಡುಗನನ್ನು ದೊಡ್ಡವರ ತಂಡದಲ್ಲಿ ಆಡಿಸುವ ಕಮಿಟಿಯವರು ಇದನ್ನು ಎರಡು ಸಲ ಓದಬೇಕು.

ಜೈಲನ್ನು ಯಾವ ವಿಮೆಯೂ ತಪ್ಪಿಸುವುದಿಲ್ಲ. ಹೊಣೆಗಾರಿಕೆ ವಿಮೆ ಕೊಡುವುದು ಪರಿಹಾರದ ಹಣ ಮತ್ತು ಪಾಲಿಸಿಯಲ್ಲಿ ಬರೆದಿದ್ದರೆ ವಕೀಲರ ಖರ್ಚು. ಅದೂ ಕಮ್ಮಿಯೇನಲ್ಲ. ಒಂದು ದಾವೆ ಎದುರಿಸಲು ಎರಡೆಕರೆ ತೆಂಗಿನ ತೋಟ ಅಡ ಇಡಬೇಕಾದೀತು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಎಂಬುದೊಂದಿದೆ. ಹೆಸರು ಕೇಳಿ ಮೋಸಹೋಗಬಾರದು. ಅದು ಭೋಪಾಲ್ ದುರಂತದ ನಂತರ ವಿಷದ ರಾಸಾಯನಿಕ ಇಟ್ಟುಕೊಳ್ಳುವವರಿಗೆ ಮಾಡಿದ್ದು. ಪಂದ್ಯಾವಳಿಗೆ ಬೇಕಾದ್ದು ಕಾರ್ಯಕ್ರಮಕ್ಕೆಂದು ಮಾಡಿಸುವ ಹೊಣೆಗಾರಿಕೆ ಪಾಲಿಸಿ.

ಇದನ್ನು ಯಾರು ಮಾಡಿಸಬೇಕು? ಒಂದು ದಿನದ ಕೂಲಿಗೆ ಬಂದ ತೀರ್ಪುಗಾರನಲ್ಲ. ಮೈದಾನ ಹಿಡಿದವರು, ಜನ ಸೇರಿಸಿದವರು, ಚಂದಾ ಎತ್ತಿದವರು ಕಮಿಟಿಯವರು. ಮಾಡಿಸಬೇಕಾದವರೂ ಅವರೇ. ತೀರ್ಪುಗಾರ ಕೇಳಬೇಕಾದ್ದು ಇಷ್ಟು: ಪಾಲಿಸಿಯಲ್ಲಿ ಕಮಿಟಿಯ ಜೊತೆ ತೀರ್ಪುಗಾರರು, ಸ್ಕೋರರ್‌ಗಳು ಎಂದು ಬರೆದಿದೆಯೇ? ಆಟಗಾರರಿಗೆ ಆದ ಗಾಯವೂ ಸೇರಿದೆಯೇ, ಬರೀ ಪ್ರೇಕ್ಷಕರದ್ದೇ? ಶಾಮಿಯಾನ ಹಾಕುವ ದಿನದಿಂದ ಬಿಚ್ಚುವ ದಿನದವರೆಗೆ ತಾರೀಖು ಇದೆಯೇ? ಒಂದು ಅಪಘಾತಕ್ಕೆ ಎಷ್ಟು, ಒಟ್ಟು ಎಷ್ಟು? ಮೊದಲು ಕೈಯಿಂದ ಹಾಕಬೇಕಾದ್ದು ಎಷ್ಟು? ಎರಡನೇ ಪ್ರಶ್ನೆ ಬಹಳ ಮುಖ್ಯ. ಆಟಗಾರರನ್ನು ಹೊರಗಿಟ್ಟ ಪಾಲಿಸಿ ಕಬಡ್ಡಿ ರೆಫ್ರಿಗೆ ಬೆಳೆ ಕಾಯದ ಬೇಲಿ ಇದ್ದ ಹಾಗೆ.

ಕೇಳಿದರೆ ಮತ್ತೆ ಕರೀತಾರಾ?

ಇದೇ ನಿಜವಾದ ಭಯ. 'ಇವ್ನು ಕಾನೂನು ಮಾತಾಡ್ತಾನೆ, ಬೇರೆಯವರನ್ನ ಕರೀರಿ' ಎನ್ನುವ ಕಮಿಟಿಗಳುಂಟು. ಇನ್ನೊಂದು ತೊಡಕೂ ಇದೆ. ಒಂದು ರಾತ್ರಿಯ ಹಳ್ಳಿ ಪಂದ್ಯಕ್ಕೆ ಪಾಲಿಸಿ ಬರೆಯಲು ಏಜೆಂಟರಿಗೆ ಆಸಕ್ತಿ ಇರುವುದಿಲ್ಲ. ಒಬ್ಬೊಬ್ಬರೇ ಕೇಳಿದರೆ ಎರಡೂ ಬಗೆಹರಿಯುವುದಿಲ್ಲ. ಒಟ್ಟಾಗಿ ಕೇಳಬೇಕು. ಅಮೆರಿಕದಲ್ಲಿ 1980ರಲ್ಲಿ ತೀರ್ಪುಗಾರರೆಲ್ಲ ಸೇರುವ ಒಂದು ಸಂಘ ಹುಟ್ಟಿತು. ಇವತ್ತು ಅದರ ಸದಸ್ಯತ್ವದ ಜೊತೆಗೇ ಹೊಣೆಗಾರಿಕೆ ವಿಮೆ ಬರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ತೀರ್ಪುಗಾರರು ಒಂದು ಪಟ್ಟಿ ಮಾಡಿ, ಇಡೀ ವರ್ಷದ ಪಂದ್ಯಗಳನ್ನು ಸೇರಿಸಿ ಸರ್ಕಾರಿ ವಿಮಾ ಕಂಪನಿಯ ಬಾಗಿಲು ತಟ್ಟಿದರೆ ಮಾತಿಗೆ ಬೆಲೆ ಬರುತ್ತದೆ. ಹೆಸರು ಹೆಸರಾಗಿ ಬರೆದು ಗುಂಪು ಅಪಘಾತ ವಿಮೆಯನ್ನೂ ಮಾಡಿಸಬಹುದು.

ಅಲ್ಲಿಯವರೆಗೆ ತೀರ್ಪುಗಾರನ ಕೈಯಲ್ಲೇ ಇರುವ ಕೆಲಸಗಳಿವೆ. ಮೊದಲು 20 ರೂಪಾಯಿಯದು, ಆಮೇಲೆ ಅಪಘಾತ ಪಾಲಿಸಿ, ಬಿಪಿಎಲ್ ಕಾರ್ಡ್ ಇಲ್ಲದವರಿಗೆ ಆರೋಗ್ಯ ಪಾಲಿಸಿ. ಆಟಕ್ಕೆ ಮುಂಚೆ ಅಂಕಣ ಸುತ್ತಿ ನೋಡಿ, ಕಂಡ ಕೊರತೆಯನ್ನು ಸ್ಕೋರ್ ಪುಸ್ತಕದಲ್ಲಿ ಬರೆದು ಕಮಿಟಿಯವರ ಸಹಿ ಹಾಕಿಸಬೇಕು. ಸರಿಯಾಗದಿದ್ದರೆ ಸೀಟಿ ಊದಬಾರದು. ಎರಡು ಸಾಲಿನ ಆ ಬರಹ ಮುಂದೊಂದು ದಿನ ಮಾನ ಉಳಿಸುತ್ತದೆ.

ಇನ್ನು ಅಂಗಡಿ ಬೀದಿಯ ಪಾಲು. ಚಂದಾ ಕೊಡುವವರಿಗೆ ಕೇಳುವ ಹಕ್ಕಿದೆ. ಬ್ಯಾನರಿನಲ್ಲಿ ಅಂಗಡಿ ಹೆಸರು, ಫೋಟೋ ಹಾಕಿಸಿಕೊಂಡು ಕಮಿಟಿಯಲ್ಲೂ ಕೂತವರ ಹೆಸರು, ಅನಾಹುತವಾದ ದಿನ ಪೊಲೀಸರ ಕೈಗೂ ಮೊದಲು ಸಿಗುವುದು ಅದೇ ಬ್ಯಾನರಿನಲ್ಲಿ. ಆದ್ದರಿಂದ ಮುಂದಿನ ಸಲ ರಸೀತಿ ಪುಸ್ತಕ ಬಂದಾಗ ಒಂದೇ ಪ್ರಶ್ನೆ ಸಾಕು: 'ಇನ್ಶೂರೆನ್ಸ್ ಮಾಡ್ಸಿದೀರೇನಪ್ಪಾ? ಕಾಗದ ತೋರ್ಸಿ.' ಹತ್ತು ಅಂಗಡಿಯಲ್ಲಿ ಇದೇ ಪ್ರಶ್ನೆ ಬಂದರೆ ಹನ್ನೊಂದನೇ ಅಂಗಡಿಗೆ ಬರುವ ಹೊತ್ತಿಗೆ ಕಾಗದ ತಯಾರಾಗಿರುತ್ತದೆ. ಮೈಕಿಗೆ ಅನುಮತಿ ಕೊಡುವ ಅಧಿಕಾರಿಗಳೂ ಇದೇ ಕಾಗದ ಕೇಳಿದರೆ ಇನ್ನೂ ಒಳ್ಳೆಯದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮದೇ. ಈ ಸುಗ್ಗಿಯಲ್ಲಾದರೂ ಕಪ್ಪಿನ ಮೇಲೆ ದಾನಿಗಳ ಹೆಸರು ಕೆತ್ತಿಸುವ ಮುನ್ನ, ಪಾಲಿಸಿಯಲ್ಲಿ ಸೀಟಿ ಊದುವವನ ಹೆಸರು ಬರೆಸಲಿ.